ಮೊದಲ ವರ್ಷ ಹೋಗಿ ಬಾ

ಪ್ರತಿ ನವೆಂಬರಿನಲ್ಲೂ ನಿನ್ನ ವಯಸ್ಸಿನ ಯಾರಾದರೊಬ್ಬರು ಫೋನ್ ಮಾಡಿ ನನ್ನನ್ನ ಇದೇ ಪ್ರಶ್ನೆ ಕೇಳ್ತಾರೆ. ಈ ವರ್ಷ ನಿನ್ನ ಸರದಿ. ನೀನಿರೋದು ಲೀಡ್ಸ್‌ನ ಬಾಡಿಗೆ ಕೋಣೆಯಲ್ಲಿ, ಕಂಪನಿ ಇರೋದು ಲಂಡನ್ನಿನಲ್ಲಿ. ಡಿಸೆಂಬರಿನ ಒಂದು ಗುರುವಾರ ಸಂಜೆ ಆಫೀಸಿನ ಕ್ರಿಸ್ಮಸ್ ಪಾರ್ಟಿ, ಬರ್ತೀಯೋ ಇಲ್ಲವೋ ತಿಳಿಸು ಅಂತ ಮೇಲ್ ಬಂದಿದೆ. ನೀನು ಅದನ್ನ ಓದಿದೆ, ಮುಚ್ಚಿದೆ, ಮತ್ತೆ ತೆರೆದೆ. ಉತ್ತರ ಮಾತ್ರ ಕೊಟ್ಟಿಲ್ಲ. "ಒಂದು ಊಟಕ್ಕೆ ಅಂತ 300 ಕಿಲೋಮೀಟರ್ ಯಾರು ಹೋಗ್ತಾರೆ ಅಜ್ಜಿ, ಅದೂ ಈ ಚಳೀಲಿ" ಅಂತೀಯ.

ನೀನು ಹೋಗ್ತೀಯ. ಮೊದಲ ವರ್ಷ ಹೋಗಿ ಬಾ. ಎರಡನೇ ವರ್ಷದಿಂದ ನಿನ್ನಿಷ್ಟ.

ದೂರ ಅಂತೀಯಲ್ಲ, ದೀಪಾವಳಿಗೆ ಕನ್ನಡ ಬಳಗದ ಕಾರ್ಯಕ್ರಮ ಅಂದಾಗ ಗೆಳೆಯರ ಕಾರಲ್ಲಿ ಒತ್ತಿಕೊಂಡು ಕೂತು ಮೂರು ಗಂಟೆ ಪ್ರಯಾಣ ಮಾಡಿದೆ. ಆವಾಗ ದೂರ ಕಾಣಲಿಲ್ಲ. ಅಲ್ಲಿ ಬಿಸಿಬೇಳೆಬಾತ್ ಇತ್ತು, ನಿನ್ನ ಮಾತು ಆಡೋ ಜನ ಇದ್ದರು. ಹೋಗಿದ್ದು ಒಳ್ಳೇದೇ ಆಯ್ತು. ಆ ಬಳಗ 1983ರಲ್ಲಿ ಹುಟ್ಟಿದ್ದೇ ನಮ್ಮಂಥವರಿಗೆ ಈ ದೇಶದಲ್ಲಿ ಒಂದು ಜಗಲಿ ಬೇಕು ಅಂತ. ಆದರೆ ಈಗ ನಿನ್ನನ್ನ ತಡೀತಿರೋದು ದೂರ ಅಲ್ಲ ಮಗು, ಅಳುಕು. ಯಾರ ಪಕ್ಕ ನಿಲ್ಲೋದು, ಏನು ಮಾತಾಡೋದು, ಕುಡಿಯೋದಿಲ್ಲ ಅಂದರೆ ನಗ್ತಾರಾ, ತಿನ್ನೋಕೆ ಏನಾದರೂ ಸಿಗುತ್ತಾ. ಇಷ್ಟನ್ನ ನನ್ನ ಹತ್ತಿರ ನೇರವಾಗಿ ಹೇಳಿದ್ದರೆ ಅರ್ಧ ಗಂಟೆ ರೈಲಿನ ಟಿಕೆಟ್ ದರದ ಲೆಕ್ಕ ಕೇಳೋದು ನನಗೆ ತಪ್ಪುತ್ತಿತ್ತು.

1970ರ ದಶಕದಲ್ಲಿ ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಯಾರ್ಕ್‌ಶೈರಿಗೆ ಬಂದವಳು ನಾನು. ಆಗ ಇಲ್ಲಿನ ಆಸ್ಪತ್ರೆಗಳಲ್ಲಿ ಕ್ರಿಸ್ಮಸ್ ಅಂದರೆ ಏನು ಸಡಗರ ಅಂತೀಯ! ಹಿಂದಿನ ರಾತ್ರಿ ನರ್ಸುಗಳು ತಮ್ಮ ಕಡುನೀಲಿ ಮೇಲಂಗಿಯನ್ನ ತಿರುಗಿಸಿ, ಒಳಗಿನ ಕೆಂಪು ಬಟ್ಟೆ ಹೊರಗೆ ಕಾಣೋ ಹಾಗೆ ಹಾಕಿಕೊಂಡು, ಕೈಯಲ್ಲಿ ಲಾಟೀನು ಹಿಡಿದು ವಾರ್ಡಿಂದ ವಾರ್ಡಿಗೆ ಕ್ಯಾರೊಲ್ ಹಾಡ್ತಾ ಹೋಗೋರು. ಹಬ್ಬದ ಮಧ್ಯಾಹ್ನ ದೊಡ್ಡ ಸರ್ಜನ್ನು ವಾರ್ಡಿನ ನಡುವೆ ನಿಂತು, ರೋಗಿಗಳ ಎದುರಿಗೇ ಟರ್ಕಿ ಕೋಳಿ ಕೊಯ್ದು ಬಡಿಸೋರು. ಬೇರೆ ದಿನ ಯಾರ ಮುಖಾನೂ ನೋಡದೆ ದಡದಡ ರೌಂಡ್ಸ್ ಮುಗಿಸೋ ಮನುಷ್ಯ ಅವತ್ತು ಏಪ್ರನ್ ಕಟ್ಟಿಕೊಂಡು "ನಿಮಗೆ ಇನ್ನೊಂದು ತುಂಡು ಹಾಕಲಾ" ಅಂತ ಮುದುಕಿಯರನ್ನ ಕೇಳೋದನ್ನ ನೋಡಬೇಕಿತ್ತು. ಹಬ್ಬದ ದಿನದ ಡ್ಯೂಟಿ ಬಹುಪಾಲು ಹೊರದೇಶದಿಂದ ಬಂದ ನಮ್ಮ ಪಾಲಿಗೇ ಬೀಳೋದು. ನಮಗೂ ಬೇಜಾರಿರಲಿಲ್ಲ, ಮನೆಯಲ್ಲಿ ಕೂತು ಮಾಡೋದೇನಿತ್ತು?

ಹಬ್ಬಕ್ಕೂ ಮುಂಚೆ ಒಂದು ಸಂಜೆ ವಿಭಾಗದವರೆಲ್ಲ ಸೇರಿ ಊರ ಹೊರಗಿನ ಹೋಟೆಲಿನಲ್ಲಿ ಊಟ ಇಟ್ಟುಕೊಳ್ಳೋರು. ಮೊದಲ ವರ್ಷ ನಾನು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಮಂಡಿಯವರೆಗಿನ ಉಣ್ಣೆ ಕೋಟು ಹಾಕಿಕೊಂಡು ಹೋದೆ. ನನ್ನ ಪಕ್ಕಕ್ಕೆ ಆಪರೇಷನ್ ಥಿಯೇಟರಿನ ಸಿಸ್ಟರ್ ಕೂತರು. ಥಿಯೇಟರಿನಲ್ಲಿ ಅವರ ಬಾಯಿಂದ ನಾಲ್ಕು ಮಾತಿಗಿಂತ ಹೆಚ್ಚು ಬಂದಿದ್ದನ್ನ ನಾನು ಕೇಳಿರಲಿಲ್ಲ. ಅವತ್ತು ಸೀರೆಯ ಅಂಚು ಮುಟ್ಟಿ ನೋಡಿದರು, ಇದನ್ನ ಯಾರು ನೇಯ್ತಾರೆ ಅಂದರು. ಅವರ ತಾಯಿ ಬ್ರ್ಯಾಡ್‌ಫರ್ಡಿನ ಉಣ್ಣೆ ಗಿರಣಿಯಲ್ಲಿ ಮಗ್ಗದ ಕೆಲಸ ಮಾಡಿದವರಂತೆ. ಆ ಸದ್ದಿಗೆ ಕಿವಿ ಹೋಗಿ, ಆಮೇಲೆ ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ತಿದ್ದರಂತೆ. ನಮ್ಮ ಹಬ್ಬ ಯಾವುದು, ಏನು ಅಡುಗೆ ಅಂತಲೂ ಕೇಳಿದರು. ಯುಗಾದಿ, ಒಬ್ಬಟ್ಟು ಅಂತ ಹೇಳಿದೆ. ಮಾರ್ಚ್ ಕೊನೆಗೆ ಡ್ಯೂಟಿ ಪಟ್ಟಿ ಬಂದಾಗ "ನಿಮ್ಮ ಹೊಸ ವರ್ಷ ಯಾವ ತಾರೀಕು ಡಾಕ್ಟರ್" ಅಂತ ಅವರೇ ಬಂದು ಕೇಳಿ, ಆ ದಿನ ನನಗೆ ಬಿಡುವು ಸಿಗೋ ಹಾಗೆ ಮಾತಾಡಿದರು. ಒಂದು ಊಟದ ಮೇಜಿನಲ್ಲಿ ಹುಟ್ಟಿದ ಪರಿಚಯ ಅದು. ಥಿಯೇಟರಿನಲ್ಲೇ ಹತ್ತು ವರ್ಷ ಎದುರುಬದುರು ನಿಂತಿದ್ದರೂ ಹುಟ್ಟುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಇಬ್ಬರ ಮೂಗಿನ ಮೇಲೂ ಮಾಸ್ಕು, ಇಬ್ಬರಿಗೂ ಕೆಲಸ.

ನಿನ್ನ ಸ್ಥಿತಿ ಅದಕ್ಕಿಂತ ಕಷ್ಟದ್ದು. ನಿನ್ನ ಜೊತೆ ಕೆಲಸ ಮಾಡೋರು ತೆರೆಯ ಮೇಲೆ ಒಂದು ಚೌಕದಲ್ಲಿ ಬರ್ತಾರೆ, ಹೋಗ್ತಾರೆ. ಅರ್ಧ ಜನ ಕ್ಯಾಮೆರಾನೇ ಹಾಕಿರೋದಿಲ್ಲ. ಯಾರು ಎತ್ತರ, ಯಾರು ಕುಳ್ಳ, ಯಾರು ನಗುವಾಗ ಮೇಜು ಬಡೀತಾರೆ, ನಿನಗೆ ಗೊತ್ತಿಲ್ಲ. ನಿನ್ನ ಹೆಸರನ್ನ ಸರಿಯಾಗಿ ಹೇಳೋದು ಹೇಗೆ ಅಂತ ಅವರೂ ಕೇಳಿಲ್ಲ, ನೀನೂ ಹೇಳಿಕೊಟ್ಟಿಲ್ಲ. ಈ ಪಾರ್ಟಿಗೆ ಹೋಗೋದು ಎದುರುಮನೆ ಗೃಹಪ್ರವೇಶದ ಊಟಕ್ಕೆ ಹೋಗಿ ಬಂದ ಹಾಗೆ. ಒಂದು ಸಲ ಆ ಮನೆಯ ಎಲೆಯಲ್ಲಿ ಉಂಡಿದ್ದರೆ, ಆಮೇಲೆ ಬೇಲಿಯಾಚೆಯಿಂದ ಕೂಗಿ ಒಂದು ಕೊಡಪಾನ ಕೇಳೋಕೂ ಬಾಯಿ ಬರುತ್ತೆ. ಮೊದಲ ವರ್ಷ ಹೋಗು ಅಂತ ನಾನು ಪಟ್ಟು ಹಿಡಿಯೋದು ಅದಕ್ಕೇ.

ಇನ್ನು ವೀಸಾ ಕಂಪನಿಯ ಕೈಯಲ್ಲಿದೆ, ಹೋಗದಿದ್ದರೆ ಏನಾದರೂ ಆಗುತ್ತಾ ಅಂತ ಹೆದರಿ ಹೊರಡೋರೂ ಇದ್ದಾರೆ. ಹಾಗೆ ಹೋಗಬೇಡ. ಪಾರ್ಟಿಗೆ ಬರಲಿಲ್ಲ ಅಂತ ಯಾರ ವೀಸಾನೂ ಹೋಗೋದಿಲ್ಲ. ಹೆದರಿಕೊಂಡು ಬಂದವರನ್ನ ಮೇಜಿನ ಆ ಕಡೆಯಿಂದಲೇ ಗುರುತು ಹಿಡೀಬಹುದು. ಮೇಲಿನವರು ಏನಂದರೂ ಒಂದು ಕ್ಷಣ ಮುಂಚೆಯೇ ನಗ್ತಾರೆ.

ಹೋಗಬಾರದ ಸಂದರ್ಭವೂ ಇದೆ. ಮೈಗೆ ಹುಷಾರಿಲ್ಲ ಅಂದರೆ ಹೋಗಬೇಡ. ಸಾಲ ಮಾಡಿ ಹೋಗಬೇಕು ಅಂದರೆ ಹೋಗಬೇಡ. ಅಲ್ಲಿರೋ ಒಬ್ಬರು ನಿನ್ನನ್ನ ಕೆಟ್ಟದಾಗಿ ನಡೆಸಿಕೊಂಡಿದ್ದಾರೆ, ಅವರ ಎದುರು ಕೂತು ಉಣ್ಣೋದು ನಿನ್ನಿಂದಾಗೋದಿಲ್ಲ ಅಂದರೆ ಯಾರಿಗೂ ವಿವರಣೆ ಕೊಡದೆ ಮನೆಯಲ್ಲಿರು. ಮನೆಯಲ್ಲಿ ಹಸುಗೂಸಿದ್ದರೆ, ಊರಿಂದ ಅಪ್ಪ ಅಮ್ಮ ಬಂದು ಇಳಿಯೋ ವಾರ ಆಗಿದ್ದರೆ, ಅದಕ್ಕಿಂತ ದೊಡ್ಡದಲ್ಲ ಪಾರ್ಟಿ.

ಆದರೆ ಇಲ್ಲ ಅನ್ನೋದನ್ನ ಬೇಗ ಹೇಳು. ನಮ್ಮ ವಿಭಾಗದಲ್ಲಿ ಕಲಬುರಗಿ ಕಡೆಯ ಡಾಕ್ಟರ್ ಒಬ್ಬರಿದ್ದರು. ಹೆಂಡತಿಯ ಬಾಣಂತನ ಇದೆ, ಈ ವರ್ಷ ಆಗೋದಿಲ್ಲ ಅಂತ ನವೆಂಬರಿನಲ್ಲೇ ಎರಡು ಸಾಲು ಬರೆದುಕೊಟ್ಟರು. ಯಾರೂ ತಪ್ಪು ತಿಳೀಲಿಲ್ಲ. ಹಿರಿಯ ಡಾಕ್ಟರ ಹೆಂಡತಿ ಮನೆಗೇ ಪುಡ್ಡಿಂಗ್ ಕಳಿಸಿದರು. ಇನ್ನೊಬ್ಬ ಹುಡುಗ ಬರ್ತೀನಿ ಬರ್ತೀನಿ ಅಂದು ಅವತ್ತು ಬರಲೇ ಇಲ್ಲ. ಅವನ ಹೆಸರು ಬರೆದ ಚೀಟಿ, ಮುಚ್ಚಿಟ್ಟ ತಟ್ಟೆ, ಯಾರೂ ಎಳೆಯದ ಕಾಗದದ ಕ್ರ್ಯಾಕರ್ ರಾತ್ರಿಯಿಡೀ ಆ ಖಾಲಿ ಕುರ್ಚಿಯ ಎದುರಿಗೇ ಇತ್ತು. ಜನ ಅದನ್ನ ಮರೀಲಿಲ್ಲ. ಇಲ್ಲಿನವರು ಬಾಯಿಬಿಟ್ಟು ಬೈಯೋದಿಲ್ಲ, ನೆನಪಿಟ್ಟುಕೊಳ್ತಾರೆ. ಊಟಕ್ಕೆ ತಲೆ ಲೆಕ್ಕದಲ್ಲಿ ಮುಂಗಡ ಕಟ್ಟಿರ್ತಾರೆ, ಆ ಲೆಕ್ಕ ಇಟ್ಟುಕೊಂಡು ಒದ್ದಾಡೋದು ಆಫೀಸಿನ ಯಾರೋ ಒಬ್ಬ ಹುಡುಗಿ. "ನೋಡೋಣ, ಸಾಧ್ಯವಾದರೆ" ಅಂತ ಬರೆದು ಅವಳ ಹೊಟ್ಟೆ ಉರಿಸಬೇಡ. ಹೌದೋ ಇಲ್ಲವೋ, ಈ ವಾರವೇ ಹೇಳು.

ಹೌದು ಅಂತ ಬರೆಯುವಾಗಲೇ ದುಡ್ಡಿನ ಮಾತನ್ನೂ ಕೇಳು. ನಮ್ಮ ಮಕ್ಕಳಿಗೆ ಕೇಳೋಕೆ ಅದೇನು ನಾಚಿಕೆಯೋ! ಇಲ್ಲಿನ ತೆರಿಗೆ ಕಾನೂನಿನ ಪ್ರಕಾರ, ವರ್ಷಕ್ಕೊಮ್ಮೆ ಎಲ್ಲ ನೌಕರರನ್ನೂ ಕರೆದು ಮಾಡೋ ಇಂಥ ಕೂಟಕ್ಕೆ ಕಂಪನಿ ತಲೆಗೆ 150 ಪೌಂಡ್‌ವರೆಗೆ ಖರ್ಚು ಮಾಡಿದರೆ ಅದರ ಮೇಲೆ ತೆರಿಗೆ ಇಲ್ಲ. ಊಟ ಮಾತ್ರ ಅಲ್ಲ, ಹೋಗಿ ಬರೋ ಖರ್ಚು, ರಾತ್ರಿ ತಂಗೋ ಕೋಣೆ, ವ್ಯಾಟ್ ಎಲ್ಲ ಸೇರಿ 150. ಅದು ದಾಟಿದರೆ ಅಷ್ಟೂ ಮೊತ್ತ ತೆರಿಗೆಗೆ ಬರುತ್ತೆ. ಹಾಗಾಗಿ ಎಷ್ಟೋ ಕಂಪನಿಯವರು ದೂರದವರಿಗೆ ರೈಲಿನ ಟಿಕೆಟ್ಟೋ ಕೋಣೆಯೋ ಒಂದನ್ನ ಕೊಡೋ ಲೆಕ್ಕ ಹಾಕಿಟ್ಟಿರ್ತಾರೆ, ಕೇಳಿದವರಿಗೆ ಕೊಡ್ತಾರೆ. "ನಾನು ಲೀಡ್ಸ್‌ನಿಂದ ಬರಬೇಕು, ಪ್ರಯಾಣದ ಖರ್ಚು ಕಂಪನಿ ಕೊಡುತ್ತಾ?" ಇಷ್ಟೇ ಸಾಲು. ಇಲ್ಲ ಅಂದರೆ ಇಲ್ಲ. ಆಮೇಲೆ ನಿನ್ನ ಕೈಲಾದರೆ ಹೋಗು. ಅದೇ ದಿನ ಬೆಳಿಗ್ಗೆ ಹೋಗಿ ಆಫೀಸಿನಲ್ಲಿ ಕೂತು ಕೆಲಸ ಮಾಡ್ತೀನಿ ಅಂತ ಹೇಳಿದರೆ ಇನ್ನೂ ಒಳ್ಳೇದು. ಬಂದದ್ದಕ್ಕೆ ಒಂದು ದಿನದ ಕೆಲಸವೂ ಆಯ್ತು, ಮುಖಗಳೂ ಹಗಲಲ್ಲೇ ಪರಿಚಯ ಆದವು.

ರೈಲಿನ ವಿಷಯದಲ್ಲಿ ನೀನು ಆತುರಗಾರ, ಅದಕ್ಕೇ ಬಿಡಿಸಿ ಹೇಳ್ತೀನಿ. ಲೀಡ್ಸ್‌ನಿಂದ ಲಂಡನ್ನಿನ ಕಿಂಗ್ಸ್ ಕ್ರಾಸಿಗೆ ಎರಡೂಕಾಲು ಗಂಟೆ. ಮುಂಚಿತವಾಗಿ ಕೊಳ್ಳೋ ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಅದು ಆ ಒಂದು ರೈಲಿಗೆ ಮಾತ್ರ. ಪಾರ್ಟಿಯಲ್ಲಿ ಹತ್ತು ನಿಮಿಷ ಹೆಚ್ಚು ಕೂತೆ, ರೈಲು ಹೋಯ್ತು ಅಂದರೆ ಟಿಕೆಟ್ಟೂ ಹೋಯ್ತು. ರೈಲ್‌ಕಾರ್ಡ್ ಮಾಡಿಸಿಕೋ. ನಿನ್ನ ವಯಸ್ಸಿನವರಿಗೆ ಇರೋದೇ ಇದೆ, ದರದಲ್ಲಿ ಮೂರರಲ್ಲಿ ಒಂದು ಪಾಲು ಕಮ್ಮಿ ಆಗುತ್ತೆ. ಕೊನೆಯ ರೈಲನ್ನ ನಂಬಿ ಕೂರಬೇಡ, ಅದರ ಹಿಂದಿನದನ್ನ ಹಿಡಿ. ಕೊನೆಯದು ರದ್ದಾದರೆ ಡಿಸೆಂಬರಿನ ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಏನು ಮಾಡ್ತೀಯ? ಅಲ್ಲೇ ತಂಗೋದಾದರೆ ಕೋಣೆ ಪಾರ್ಟಿ ನಡೆಯೋ ಜಾಗಕ್ಕೆ ಹತ್ತಿರ ಇರಲಿ, ಹತ್ತು ಪೌಂಡ್ ಉಳಿಸೋಕೆ ಊರಾಚೆ ಹೋಗಬೇಡ. ಬೀದಿಯಲ್ಲಿ ನಿಂತು "ಟ್ಯಾಕ್ಸಿ ಬೇಕಾ" ಅಂತ ಕೇಳೋರ ಕಾರು ಹತ್ತಬೇಡ. ಲಂಡನ್ನಿನಲ್ಲಿ ಕೈತೋರಿಸಿ ನಿಲ್ಲಿಸಬಹುದಾದ್ದು ಕರೀ ಕ್ಯಾಬ್ ಮಾತ್ರ, ಮಿಕ್ಕದ್ದನ್ನ ಮೊದಲೇ ಬುಕ್ ಮಾಡಿರಬೇಕು.

ಊಟದ ಪಟ್ಟಿಯನ್ನ ವಾರಗಳ ಮುಂಚೆಯೇ ಕೇಳ್ತಾರೆ, ಏನು ಬೇಕು ಅಂತ ಗುರುತು ಹಾಕಬೇಕು. ಸಸ್ಯಾಹಾರ ಅಂತ ಗುರುತು ಹಾಕಿ ಸುಮ್ಮನಾಗಬೇಡ. ಹುರಿದ ಆಲೂಗಡ್ಡೆ ನೋಡೋಕೆ ಚಿನ್ನದ ಹಾಗಿರುತ್ತೆ, ಎಷ್ಟೋ ಕಡೆ ಅದನ್ನ ಬಾತಿನ ಕೊಬ್ಬಿನಲ್ಲಿ ಹುರಿದಿರ್ತಾರೆ. ಗ್ರೇವಿ ಸಾಮಾನ್ಯವಾಗಿ ಮಾಂಸದ ರಸ. ಯಾರ್ಕ್‌ಶೈರ್ ಪುಡ್ಡಿಂಗಿನಲ್ಲಿ ಮೊಟ್ಟೆ ಇದೆ. ಕ್ರಿಸ್ಮಸ್ ಪುಡ್ಡಿಂಗ್, ಮಿನ್ಸ್ ಪೈ ಎರಡರ ಒಳಗಿರೋದು ಒಣದ್ರಾಕ್ಷಿ, ಮಸಾಲೆ, ಸಕ್ಕರೆ, ನಿಜ. ಆದರೆ ಹಳೇ ಪದ್ಧತಿಯಲ್ಲಿ ಮಾಡಿದರೆ ದನದ ಕೊಬ್ಬು ಬಿದ್ದಿರುತ್ತೆ. ತರಕಾರಿ ಕೊಬ್ಬಿನಲ್ಲಿ ಮಾಡಿದ್ದೂ ಸಿಗುತ್ತೆ. ಟ್ರೈಫಲ್ಲಿನ ಜೆಲ್ಲಿಯಲ್ಲಿ ಜೆಲಟಿನ್ ಇರಬಹುದು. ನೀನು ಇದನ್ನೆಲ್ಲ ತಿನ್ನೋನಾದರೆ ಖುಷಿಯಾಗಿ ತಿನ್ನು, ಯಾರ ಅಡ್ಡಿಯೂ ಇಲ್ಲ. ತಿನ್ನೋದಿಲ್ಲ ಅಂದರೆ ಮೇಲ್‌ನಲ್ಲೇ ಒಂದೊಂದಾಗಿ ಕೇಳು. ಬಡಿಸೋ ಹೊತ್ತಿಗೆ ತಟ್ಟೆ ಮುಂದಿಟ್ಟುಕೊಂಡು ಪರಿಚಾರಕನನ್ನ ವಿಚಾರಣೆ ಮಾಡೋದು ಅವನಿಗೂ ಕಷ್ಟ, ನಿನ್ನ ಪಕ್ಕದವರಿಗೂ ಕಷ್ಟ. ಮನೆಯಿಂದ ಹೊರಡುವಾಗ ನಾಲ್ಕು ಚಪಾತಿ ತಿಂದೇ ಹೊರಡು. ಹಸಿದವನ ಮುಖದಲ್ಲಿ ನಗು ನಿಲ್ಲೋದಿಲ್ಲ.

ಕುಡಿತದ ಮಾತು ಚಿಕ್ಕದು. ಕುಡಿಯೋದಿಲ್ಲ ಅಂದರೆ ಲೈಮ್ ಅಂಡ್ ಸೋಡಾ ಕೇಳು, ಕೈಯಲ್ಲಿ ಹಿಡ್ಕೊ. ಯಾಕೆ ಕುಡಿಯೋದಿಲ್ಲ ಅನ್ನೋ ಭಾಷಣ ಬೇಡ, ಯಾರೂ ಕೇಳಿರೋದಿಲ್ಲ. ಚಕ್ಕೆ ಲವಂಗದ ವಾಸನೆಯ ಬಿಸಿ ಪಾನೀಯವನ್ನ ಲೋಟದಲ್ಲಿ ಕೊಟ್ಟರೆ ಅದು ಮಲ್ಡ್ ವೈನ್, ಕಷಾಯ ಅಲ್ಲ. ಕುಡಿಯೋನಾದರೆ ನಿನ್ನ ಮಿತಿ ನಿನಗೆ ಗೊತ್ತು, ಬಾರಿನಲ್ಲಿ ದುಡ್ಡು ಕಂಪನಿಯದು ಅಂತ ಅದು ಜಾಸ್ತಿ ಆಗೋದಿಲ್ಲ. ಪಬ್ಬಿನಲ್ಲಿ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸೋ ಪದ್ಧತಿ ಇದೆ. ನೀನು ಸೋಡಾ ಕುಡಿದಿದ್ದರೂ ಒಂದು ಸುತ್ತು ನಿನ್ನದಿರಲಿ. ಅದನ್ನ ತಪ್ಪಿಸಿಕೊಳ್ಳೋರ ಹೆಸರು ಈ ದೇಶದಲ್ಲಿ ಬಹಳ ಬೇಗ ಹಾಳಾಗುತ್ತೆ.

ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಕ್ರ್ಯಾಕರ್ ಇಟ್ಟಿರ್ತಾರೆ. ಟಾಮ್ ಸ್ಮಿತ್ ಅನ್ನೋ ಲಂಡನ್ನಿನ ಮಿಠಾಯಿ ವ್ಯಾಪಾರಿ 1840ರ ದಶಕದಲ್ಲಿ ಶುರು ಮಾಡಿದ್ದು ಅದು. ಒಂದು ತುದಿ ನೀನು ಹಿಡಿ, ಇನ್ನೊಂದನ್ನ ಪಕ್ಕದವರ ಕಡೆ ಚಾಚು. ಪಟ್ ಅನ್ನುತ್ತೆ, ಒಳಗಿಂದ ಕಾಗದದ ಕಿರೀಟ ಬೀಳುತ್ತೆ. ಹಾಕ್ಕೊ. ತಲೆಗೂದಲು ಕೆಡುತ್ತೆ ಅಂತ ಜೇಬಿಗೆ ಸೇರಿಸಬೇಡ. ನಿರ್ದೇಶಕರಿಂದ ಹಿಡಿದು ನಿನ್ನೆ ಸೇರಿದ ಹುಡುಗನವರೆಗೆ ಎಲ್ಲರೂ ಅದನ್ನ ಹಾಕಿ ಕೂರ್ತಾರೆ, ಆ ಒಂದೂವರೆ ಗಂಟೆ ಮೇಲೆ ಕೆಳಗೆ ಅನ್ನೋದು ಮೇಜಿನಲ್ಲಿ ಸಡಿಲ ಆಗುತ್ತೆ. ಅದರೊಳಗಿನ ಚೀಟಿಯಲ್ಲಿ ಒಂದು ಪೆದ್ದು ಜೋಕ್ ಇರುತ್ತೆ. ಗಟ್ಟಿಯಾಗಿ ಓದು. ಅದು ಪೆದ್ದಾಗಿದ್ದಷ್ಟೂ ಜನಕ್ಕೆ ಸಂತೋಷ.

ಅಲ್ಲಿ ಬೆಂಗಳೂರಿನ ಇಬ್ಬರು, ಹೈದರಾಬಾದಿನ ಒಬ್ಬರು ಇದ್ದೇ ಇರ್ತಾರೆ. ನಿಮ್ಮ ನಾಲ್ಕು ಜನರ ಗುಂಪು ಮೂಲೆ ಸೇರಿ ನಮ್ಮ ಮಾತಲ್ಲಿ ನಗೋಕೆ ಶುರು ಮಾಡಿದರೆ ನೀನು ಲೀಡ್ಸ್‌ನಲ್ಲೇ ಇರಬಹುದಿತ್ತು. ಮಾತಾಡಿಸು, ಆಮೇಲೆ ಎದ್ದು ಬಾ. ದೊಡ್ಡವರ ಹಿಂದೆ ಸುತ್ತಬೇಡ, ಅವರಿಗೆ ಅವತ್ತು ಸಾಕಷ್ಟು ಜನ ಅಂಟಿಕೊಂಡಿರ್ತಾರೆ. ನಿನ್ನ ಸಂಬಳದ ಕಾಗದ ನೋಡೋರು, ಲ್ಯಾಪ್‌ಟಾಪ್ ಕೆಟ್ಟಾಗ ಫೋನಿನಲ್ಲಿ ದಾರಿ ಹೇಳಿದವರು, ಅವರನ್ನ ಹುಡುಕಿಕೊಂಡು ಹೋಗಿ "ಆವತ್ತು ಸಹಾಯ ಮಾಡಿದ್ದು ನೀವೇ ಅಲ್ವಾ" ಅನ್ನು. ಮುಖ ಹೇಗೆ ಅರಳುತ್ತೆ ನೋಡು. ಒಬ್ಬರಾದರೂ ಗೋಡೆಗೆ ಒರಗಿ ಫೋನ್ ನೋಡ್ತಾ ನಿಂತಿರ್ತಾರೆ. ಅವರ ಹತ್ತಿರ ಹೋಗು, ಅವರಿಗೂ ನಿನ್ನ ಅಳುಕೇ ಇರೋದು.

ಊಟ ಮುಗಿದ ಮೇಲೆ ಇನ್ನೊಂದು ಜಾಗಕ್ಕೆ ಹೋಗೋಣ ಅಂತ ಎಳೀತಾರೆ. ಹೋಗಬೇಡ. ಇದರಲ್ಲಿ ನಾನು ಗಟ್ಟಿ. ಮನಸ್ತಾಪ, ಜಗಳ, ಬೆಳಿಗ್ಗೆ ಎದ್ದು ಪಶ್ಚಾತ್ತಾಪ ಪಡೋ ಮಾತು, ಬಹುಪಾಲು ಆ ಎರಡನೇ ಜಾಗದಲ್ಲೇ ಹುಟ್ಟೋದು. 2011ರ ಡಿಸೆಂಬರಿನಲ್ಲಿ ನಾರ್ತಾಂಪ್ಟನ್ನಿನ ಒಂದು ಕಂಪನಿಯ ಪಾರ್ಟಿ ಚೆನ್ನಾಗಿಯೇ ಮುಗಿದಿತ್ತು. ಆಮೇಲೆ ಕೆಲವರು ಹೋಟೆಲಿಗೆ ಹೋಗಿ ಕುಡೀತಾ ಕೂತರು. ಮಾತು ಆಫೀಸಿನ ವಿಷಯಕ್ಕೆ ತಿರುಗಿತು, ನಡುರಾತ್ರಿ ಕಳೆದ ಮೇಲೆ ವ್ಯವಸ್ಥಾಪಕ ನಿರ್ದೇಶಕನೇ ತನ್ನ ನೌಕರನಿಗೆ ಹೊಡೆದ. ಆ ಮನುಷ್ಯನ ಮಿದುಳಿಗೆ ಪೆಟ್ಟಾಯ್ತು. ಕಂಪನಿಯೇ ಹೊಣೆ ಅಂತ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಡೋ ಹೊತ್ತಿಗೆ 2018 ಆಗಿತ್ತು. ತೀರ್ಪಿನಿಂದ ಮಿದುಳು ವಾಪಸ್ ಬರುತ್ತಾ?

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು, ಗಂಡುಮಕ್ಕಳೂ ಕೇಳಿಸಿಕೊಳ್ಳಲಿ. ಯಾರಾದರೂ ಬೇಡದ ಮಾತಾಡಿದರೆ, ಮೈಮೇಲೆ ಕೈ ಹಾಕಿದರೆ, "ಪಾರ್ಟಿ ತಾನೇ, ಕುಡಿದಿದ್ದರು" ಅಂತ ನುಂಗಿಕೊಳ್ಳಬೇಡ. ಆಫೀಸಿನ ಪಾರ್ಟಿಯಲ್ಲಿ ನಡೆದದ್ದೂ ಕೆಲಸದಲ್ಲಿ ನಡೆದ ಹಾಗೇ ಲೆಕ್ಕಕ್ಕೆ ಬರುತ್ತೆ. ಲೈಂಗಿಕ ಕಿರುಕುಳ ಆಗದ ಹಾಗೆ ಮುಂಚಿತವಾಗಿಯೇ ಕ್ರಮ ತೆಗೆದುಕೊಳ್ಳೋದು ಮಾಲೀಕರ ಕರ್ತವ್ಯ ಅಂತ 2024ರ ಅಕ್ಟೋಬರಿನಿಂದ ಇಲ್ಲಿ ಕಾನೂನೇ ಇದೆ. ಅಲ್ಲಿಂದ ಎದ್ದು ಬಾ, ನಡೆದದ್ದನ್ನ ಅದೇ ರಾತ್ರಿ ಹೊತ್ತು ಗೊತ್ತು ಸಮೇತ ಬರೆದಿಡು, ಬೆಳಿಗ್ಗೆ ಆಫೀಸಿಗೆ ತಿಳಿಸು, ನನಗೂ ಫೋನ್ ಮಾಡು.

ಹೊರಡುವಾಗ ಮಾಯ ಆಗಬೇಡ. ಏರ್ಪಾಡು ಮಾಡಿದವರನ್ನ ಹುಡುಕಿ, ಹೋಗಿ ಬರ್ತೀನಿ, ಚೆನ್ನಾಗಿತ್ತು ಅಂತ ಹೇಳಿ ಹೊರಡು.

ಇನ್ನೊಂದು ವಿಷಯಕ್ಕೆ ಈಗಲೇ ತಯಾರಾಗಿರು. ಆ ಮೇಜಿನಲ್ಲಿ ಒಬ್ಬರಾದರೂ "ಕ್ರಿಸ್ಮಸ್‌ಗೆ ಏನು ಮಾಡ್ತೀಯ?" ಅಂತ ಕೇಳೇ ಕೇಳ್ತಾರೆ. ನಿನಗೆ ಒಂದು ಚಟ ಇದೆ, ಯಾರು ಏನು ಕೇಳಿದರೂ "ಗೆಳೆಯರ ಜೊತೆ ಏನೋ ಪ್ಲ್ಯಾನ್ ಇದೆ" ಅಂದುಬಿಡೋದು. ಹಾಗನ್ನಬೇಡ. ಕೋಣೆಯಲ್ಲಿ ಒಬ್ಬನೇ ಇರ್ತೀನಿ ಅಂತ ಇದ್ದದ್ದನ್ನ ಹೇಳು. ಹಾಗೆ ಹೇಳಿದವರನ್ನ ಇಲ್ಲಿನ ಜನ ಮನೆಗೆ ಕರೆದದ್ದನ್ನ ನಾನು ತುಂಬ ನೋಡಿದ್ದೀನಿ. ಮೇಲೆ ಮೇಲೆ ತಣ್ಣಗೆ ಕಾಣ್ತಾರೆ, ಹಬ್ಬದ ದಿನ ಒಬ್ಬರು ಒಂಟಿಯಾಗಿರ್ತಾರೆ ಅನ್ನೋದನ್ನ ಮಾತ್ರ ಅವರಿಂದ ತಡೆದುಕೊಳ್ಳೋಕಾಗೋದಿಲ್ಲ. ಕರೆದರೆ ಒಪ್ಪಿಕೋ. ಲೀಡ್ಸ್ ಕಡೆಯವರೇ ಯಾರಾದರೂ ಇದ್ದರಂತೂ ಬಿಡಬೇಡ. ಆದರೆ 25ನೇ ತಾರೀಕು ಈ ದೇಶದಲ್ಲಿ ರೈಲು ಓಡೋದಿಲ್ಲ, ಬಸ್ಸೂ ಇಲ್ಲ ಅನ್ನುವಷ್ಟು ಕಮ್ಮಿ. 26ಕ್ಕೂ ರೈಲು ಅಪರೂಪ. ಅದಕ್ಕೆ ಹೋಗಿ ಬರೋದು ಹೇಗೆ ಅಂತ ಕರೆದವರನ್ನೇ ಕೇಳು, ಬಂದು ಕರಕೊಂಡು ಹೋಗ್ತೀವಿ ಅಂದರೆ ಸಂಕೋಚಪಟ್ಟು ಬೇಡ ಅನ್ನಬೇಡ. ಬರಿಗೈಲಿ ಹೋಗಬೇಡ. ಹಿಂದಿನ ದಿನ ನನ್ನ ಮನೆಗೆ ಬಾ, ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ಹಾಕಿಕೊಡ್ತೀನಿ. ಅವರ ಮನೆಯಲ್ಲಿ ಗೋಡಂಬಿ ಬಾದಾಮಿ ಆಗದವರು ಯಾರಾದರೂ ಇದ್ದಾರಾ ಅಂತ ಮಾತ್ರ ಮೊದಲೇ ಕೇಳಿಕೊಂಡು ಬಾ.